ದುಂಡಗೆ ಒರೆಸಿದ ಗಾಜು

ನಮ್ಮ ಮೇಡಂ ನನ್ನನ್ನು ನೋಡಬೇಕಾದರೆ ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತಾರೆ. ಮೊದಮೊದಲು ನನಗೆ ಅದು ಗೊತ್ತಾಗದೆ, ನನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆ ಅಂದುಕೊಂಡು ತಿರುಗಿ ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ರಾಮಕೃಷ್ಣನಗರದ ಅವರ ಮನೆಯ ಕಿಟಕಿ, ಕಿಟಕಿಯಾಚೆ ಒಂದು ಸಂಪಿಗೆ ಮರ, ಅಷ್ಟೇ. ಕಣ್ಣಿನ ಒಳಪರದೆಯ ನಡುಭಾಗ ಸವೆದುಹೋಗುವ ಕಾಯಿಲೆ ಅವರದು. ಅಂಚಿನಲ್ಲಿ ಕಾಣುತ್ತದೆ, ನಡುವೆ ಕಾಣುವುದಿಲ್ಲ. ಏನನ್ನು ನೋಡಬೇಕೋ ಅದರಿಂದ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮಾತ್ರ ಅದು ಉಂಟು. ನೇರವಾಗಿ ನೋಡಿದರೆ ಆ ಜಾಗದಲ್ಲಿ ಒಂದು ಬೂದು ಮೋಡ. "ನಿನ್ನ ಮುಖ ಕಾಣ್ಬೇಕು ಅಂದ್ರೆ ನಿನ್ನ ಮುಖ ನೋಡ್ಬಾರ್ದು ಕಣಮ್ಮ" ಎಂದು ಅವರೇ ಒಂದು ದಿನ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಅವರು ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವರು. ನಾನು ಭೌತಶಾಸ್ತ್ರ ಓದಲು ಬಂದು, ಏನೋ ಕೇಳಲು ಅವರ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಅಲ್ಲೇ ಉಳಿದುಬಿಟ್ಟವಳು. ಈಗ ಅವರು ನಿವೃತ್ತರು, ತಂಗಿಯ ಸಂಸಾರದ ಜೊತೆ ಇದ್ದಾರೆ. ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಕೃಷ್ಣಮೂರ್ತಿಪುರಂನಲ್ಲಿ ಗಂಡ ಮತ್ತು ಅತ್ತೆಯ ಜೊತೆ ಇದ್ದೇನೆ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುತ್ತೇನೆ. ನಮ್ಮಿಬ್ಬರನ್ನು ಇಷ್ಟು ವರ್ಷ ಒಟ್ಟಿಗೆ ಕಟ್ಟಿಹಾಕಿದ ವಸ್ತು ದ್ರವಸ್ಫಟಿಕ. ಅದು ನೀರಿನ ಹಾಗೆ ಹರಿಯುತ್ತದೆ; ಆದರೂ ಅದರೊಳಗಿನ ಅಣುಗಳು ಹರಳಿನೊಳಗೆ ಇರುವ ಹಾಗೆ ಎಲ್ಲಾ ಒಂದೇ ದಿಕ್ಕಿಗೆ ಮಲಗಿರುತ್ತವೆ. ಫೋನಿನ, ಲ್ಯಾಪ್‌ಟಾಪಿನ ಪರದೆಯೊಳಗೆ ಕೂತು ನಮಗೆ ಲೋಕವನ್ನೆಲ್ಲ ತೋರಿಸುತ್ತಿರುವುದು ಇದೇ. ದಿನಕ್ಕೆ ಎಷ್ಟೋ ಹೊತ್ತು ನಾವು ಅದರ ಮೂಲಕ ನೋಡುತ್ತೇವೆ, ಅದನ್ನು ನೋಡುವುದಿಲ್ಲ.

ಮೊದಲ ದಿನದ ಪಾಠಕ್ಕೆ ಮೇಡಂ ಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದಿದ್ದರು. ಒಂದು ಪೊಟ್ಟಣದಲ್ಲಿ ಮಸಾಲೆ ಹಚ್ಚದ ಊದುಬತ್ತಿ ಕಡ್ಡಿ, ಇನ್ನೊಂದರಲ್ಲಿ ಅಂಗಿಯ ಗುಂಡಿ, ಮತ್ತೊಂದರಲ್ಲಿ ಗೋಡಂಬಿ. ತಟ್ಟೆಗೆ ನಾಲ್ಕಾರು ಕಡ್ಡಿ ಹಾಕಿ ಅಲ್ಲಾಡಿಸಿದರು, ಅವು ಮನಸ್ಸಿಗೆ ಬಂದ ಕಡೆ ತಿರುಗಿ ಬಿದ್ದವು. ಹಾಕುತ್ತಾ ಹೋದರು, ಅಲ್ಲಾಡಿಸುತ್ತಾ ಹೋದರು. ಒಂದು ಹಂತದಲ್ಲಿ, ಯಾರೂ ಜೋಡಿಸದೆ, ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿದವು.

"ಇವಕ್ಕೆ ಒಂದನ್ನ ಕಂಡ್ರೆ ಒಂದಕ್ಕೆ ಪ್ರೀತಿನೂ ಇಲ್ಲ, ದ್ವೇಷನೂ ಇಲ್ಲ" ಎಂದರು ಮೇಡಂ. "ಅಲ್ಲಾಡೋಕೆ ಜಾಗ ಬೇಕು, ಅಷ್ಟೇ. ಎಲ್ಲಾ ಒಂದೇ ಕಡೆ ಮಲಗಿದ್ರೆ ಎಲ್ಲಾರ್ಗೂ ಜಾಗ ಜಾಸ್ತಿ. ಆಕಾರ ಹೇಳಿದ್ ಹಾಗೆ ಕೇಳ್ತಾವೆ."

ಗುಂಡಿಗಳು ಒಂದರ ಮೇಲೊಂದು ಕೂತು ಕಂಬಗಳಾದವು. ಗೋಡಂಬಿಗಳದು ಮಾತ್ರ ಬೇರೆಯೇ ಕಥೆ. ಅವು ಬಾಗಿರುವಂಥವು, ಡೊಂಕು ಒಂದೇ ಕಡೆಗೆ ಇದ್ದರೆ ಒಂದರ ಮಡಿಲಲ್ಲಿ ಒಂದು ಕೂರುತ್ತವೆ, ಒಂದು ಹಿಂದುಮುಂದಾದರೂ ಇಡೀ ಸಾಲು ಕೆಡುತ್ತದೆ. ಪಾಠ ಮುಗಿದ ಮೇಲೆ ಕಡ್ಡಿ, ಗುಂಡಿ ವಾಪಸು ಪೊಟ್ಟಣಕ್ಕೆ ಹೋದವು, ಗೋಡಂಬಿ ನಮ್ಮ ಹೊಟ್ಟೆಗೆ ಹೋಯಿತು. ವಿಜ್ಞಾನದಲ್ಲಿ ನನಗೆ ಅಷ್ಟು ರುಚಿಯಾದ ದಿನ ಇನ್ನೊಂದಿಲ್ಲ.

ಆ ತಟ್ಟೆ ನನ್ನ ತಲೆಯೊಳಗೆ ಇವತ್ತಿಗೂ ಅಲ್ಲಾಡುತ್ತಲೇ ಇದೆ. ಬಸ್ಸಿನ ಕಿಟಕಿಗೆ ತಲೆ ಒರಗಿಸಿ ತೂಕಡಿಸುವಾಗ ಜನ ಕಡ್ಡಿಗಳಾಗುತ್ತಾರೆ. ಹೆಬ್ಬಾಳದ ಕಾರ್ಖಾನೆಯಿಂದ ನನ್ನ ಗಂಡ ಬರುವ ಶಿಫ್ಟ್ ಬಸ್ಸಿನಲ್ಲಿ ಎಲ್ಲರೂ ಒಂದೇ ಕಡೆ ಹೆಗಲು ತಿರುಗಿಸಿ ನಿಂತಿರುತ್ತಾರಂತೆ. ಯಾರೂ ಹಾಗೆ ನಿಲ್ಲಿ ಅಂತ ಹೇಳಿರುವುದಿಲ್ಲ. ಅವರು ಅದನ್ನು ಹೇಳುವಾಗ ನಾನು ಅರ್ಧ ನಿದ್ದೆಯಲ್ಲಿ ಹೂಂ ಅನ್ನುತ್ತೇನೆ, ಮತ್ತು ಆ ಬಸ್ಸು ನನ್ನೊಳಗೆ ಮೆಲ್ಲಗೆ ಹರಿಯುತ್ತಾ, ಒಳಗಿದ್ದವರ ದಿಕ್ಕು ಒಂಚೂರೂ ಕೆಡದೆ, ಎಲ್ಲೋ ತಿರುವಿನಲ್ಲಿ ಕಣ್ಮರೆಯಾಗುತ್ತದೆ.

ಮೇಡಂ ಜೀವಮಾನವೆಲ್ಲ ಮಾಡಿದ್ದು ಕಡ್ಡಿಯಾಕಾರದ ಅಣುಗಳನ್ನು. ಸೇವೆಯ ಕೊನೆಯ ವರ್ಷದಲ್ಲಿ, ಇನ್ನೇನು ಬೀಗದ ಕೈ ಕೊಟ್ಟು ಹೊರಡಬೇಕು ಅನ್ನುವಾಗ, ಒಂದು ಬಾಗಿದ ಅಣು ಮಾಡಿದರು. ಅಣುವಿನ ಉದ್ದದ ನಡುವೆ ಒಂದೇ ಒಂದು ಕೊಂಡಿಯ ಜಾಗ ಬದಲಾಯಿಸಿದರು, ನೆಟ್ಟಗಿದ್ದದ್ದು ಗೋಡಂಬಿಯ ಹಾಗೆ ಬಾಗಿತು. ಕೈಗೆ ಬಂದದ್ದು ಒಂದು ಚಿಟಿಕೆ ಬಿಳಿ ಪುಡಿ. ಅವರ ಊಹೆ ಇದು: ನೆಟ್ಟಗಿನ ಕಡ್ಡಿಗಳ ಗುಂಪು ಸಾಲಾಗಿ ಮಲಗುವುದೇನೋ ಸರಿ, ಆದರೆ ಆ ಸಾಲನ್ನೇ ಬಾಗಿಸು ಎಂದರೆ ಅದಕ್ಕೆ ಕಷ್ಟ. ಅವುಗಳ ನಡುವೆ ಈ ಬಾಗಿದ ಅಣುಗಳನ್ನು ಅಲ್ಲೊಂದು ಇಲ್ಲೊಂದು ಬೆರೆಸಿದರೆ, ಇಡೀ ಗುಂಪೇ ಸಲೀಸಾಗಿ ಬಾಗಬೇಕು. ಬೇರೆ ಊರುಗಳಲ್ಲಿ ಬೇರೆಯವರು ತಮ್ಮ ಬಾಗಿದ ಅಣುಗಳಲ್ಲಿ ಇಂಥದ್ದು ಕಂಡಿದ್ದರು. ತಮ್ಮದು ಹಾಗೆ ಮಾಡುತ್ತದೆಯೇ ಎಂದು ನೋಡುವ ಮುಂಚೆ ಮೇಡಂಗೆ ಬೀಳ್ಕೊಡುಗೆ ಆಗಿಹೋಯಿತು, ಹಾರ ಹಾಕಿದರು, ಪುಡಿಯ ಪುಟ್ಟ ಸೀಸೆ ಅವರ ಕೈಚೀಲದಲ್ಲಿ ಮನೆಗೆ ಬಂತು.

ಆ ಸೀಸೆಯನ್ನು ಅವರು ದೇವರ ಗೂಡಿನ ಪಕ್ಕದ ಬೀರುವಿನಲ್ಲಿ ಇಟ್ಟಿದ್ದರು. ಒಂದು ಮಧ್ಯಾಹ್ನ ನನ್ನ ಕೈಗೆ ಕೊಟ್ಟರು. ಬಿಸಿಲು ಕಿಟಕಿಯ ಸರಳುಗಳ ನಡುವೆ ಹಾದು ನೆಲದ ಮೇಲೆ ಉದ್ದುದ್ದ ಮಲಗಿತ್ತು. ಸಂಪಿಗೆಯ ವಾಸನೆ ಬರುತ್ತಿತ್ತೋ, ಇಲ್ಲ ಬರುತ್ತಿದೆ ಅಂತ ನನಗೆ ಅನ್ನಿಸುತ್ತಿತ್ತೋ, ಈಗ ಹೇಳಲಾರೆ.

"ಡಾಕ್ಟ್ರು ಹೇಳ್ಬುಟ್ರು" ಎಂದರು ಮೇಡಂ, ಕಿಟಕಿಯ ಕಡೆ, ಅಂದರೆ ನನ್ನ ಕಡೆ, ನೋಡುತ್ತಾ. "ಇಂಜೆಕ್ಷನ್ ಕೊಟ್ರೆ ನಿಧಾನ ಆಗತ್ತಂತೆ, ನಿಲ್ಲಲ್ವಂತೆ. ಈಗ ಅಂಚೂ ಮಬ್ಬಾಗ್ತಾ ಇದೆ. ನಾನು ಮಾಡಿದ್ದನ್ನ ನಾನು ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೆ. ಅದು ಬಾಗಿಸ್ತದಾ ಇಲ್ವಾ ಅಂತ. ಇಲ್ಲ ಅಂದ್ರೂ ಪರ್ವಾಗಿಲ್ಲ. ನೋಡ್ಬೇಕು."

ಜೀವನದಲ್ಲಿ ಅವರು ನನ್ನನ್ನು ಏನೂ ಕೇಳಿದವರಲ್ಲ. ಸೀಸೆ ಹಿಡಿದುಕೊಂಡು ಮನೆಗೆ ಬರುವಾಗ ನನಗೆ ಹೆದರಿಕೆಯಾಯಿತು. ಚಿಟಿಕೆ ಪುಡಿ ಚೆಲ್ಲಿಹೋಗುತ್ತದೆ ಅಂತಲ್ಲ. ಇದು ಆಗಿಬರದೆ ಹೋದರೆ ಅವರ ಎದುರು ಹೇಗೆ ಹೋಗಿ ಕೂರುವುದು ಅಂತ.

ಮೊದಲು ಅವರನ್ನು ಕಾಲೇಜಿನ ಸೂಕ್ಷ್ಮದರ್ಶಕದ ಹತ್ತಿರ ಕರೆದುಕೊಂಡು ಹೋದೆ. ಕಡ್ಡಿ ಅಣುಗಳ ಮಾಮೂಲು ದ್ರವಸ್ಫಟಿಕಕ್ಕೆ ಅವರ ಪುಡಿಯನ್ನು ಬೆರೆಸಿ, ಒಂದು ಹನಿಯನ್ನು ಗಾಜುಗಳ ನಡುವೆ ಇಟ್ಟಿದ್ದೆ. ನನ್ನ ಕಣ್ಣಿಗೆ ಅದು ಹಬ್ಬ: ನೇರಳೆ, ಹಳದಿ, ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಹೊರಳುವ ಬಣ್ಣಗಳು. ಮೇಡಂ ಕನ್ನಡಕ ತೆಗೆದು, ಸೆರಗು ಸರಿಮಾಡಿಕೊಂಡು, ಬಹಳ ಹೊತ್ತು ಕಣ್ಣಿಟ್ಟರು. ಆಮೇಲೆ ತಲೆ ಎತ್ತಿ, "ಮೋಡ" ಎಂದರು. ನನಗೆ ಆಗ ಹೊಳೆಯಿತು. ಸೂಕ್ಷ್ಮದರ್ಶಕ ಚಿತ್ರವನ್ನು ತಂದು ನಿಲ್ಲಿಸುವುದೇ ಕಣ್ಣಿನ ನಟ್ಟನಡುವೆ. ಅವರಿಗೆ ಎಲ್ಲಿ ಏನೂ ಇಲ್ಲವೋ ಅಲ್ಲಿಗೆ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ತೋರಿಸಿದೆ. ಆ ನವಿರು ಎಳೆಗಳು ಅಂಚಿನ ಕಣ್ಣಿಗೆ ಸಿಗಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಆಟೋದವನೇ ಯಾರದೋ ಮದುವೆಯ ವಿಷಯ ಹೇಳುತ್ತಾ ಬಂದ.

ಆಮೇಲೆ ಯೋಚಿಸಿದ್ದು ದೊಡ್ಡ ಗಾಜು. ಅಂಗೈಯಗಲದ ಎರಡು ಗಾಜುಗಳ ನಡುವೆ, ಕೂದಲಿಗಿಂತ ತೆಳ್ಳಗಿನ ಸಂದು ಬಿಟ್ಟು, ಅದರಲ್ಲಿ ದ್ರವಸ್ಫಟಿಕ ತುಂಬಿದರೆ ಬರಿಗಣ್ಣಿಗೇ ಏನಾದರೂ ಕಂಡೀತು. ಅದಕ್ಕೊಂದು ಕ್ರಮವಿದೆ. ಗಾಜಿನ ಒಳಮೈಗೆ ಒಂದು ತೆಳು ಲೇಪ ಹಚ್ಚಿ, ಬಿಸಿಮಾಡಿ ಗಟ್ಟಿಮಾಡಿ, ಆಮೇಲೆ ವೆಲ್ವೆಟ್ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಬೀಳುತ್ತವೆ, ಅಣುಗಳು ಆ ಗೆರೆಗಳ ಉದ್ದಕ್ಕೆ ಮಲಗುತ್ತವೆ. ಉಜ್ಜಿದ ಮೇಲೆ ಆ ಮೈಯನ್ನು ಮುಟ್ಟುವ ಹಾಗಿಲ್ಲ, ಊದುವ ಹಾಗಿಲ್ಲ. ನಾಲ್ಕು ಗಾಜು ತಯಾರಿಸಿದೆ: ಒಂದು ಜೋಡಿ ಬರೀ ಕಡ್ಡಿ ಅಣುಗಳಿಗೆ, ಒಂದು ಜೋಡಿ ಮೇಡಂ ಅವರ ಪುಡಿ ಬೆರೆತದ್ದಕ್ಕೆ. ಲೇಪದ ಸೀಸೆ ಅಲ್ಲಿಗೆ ಬರಿದಾಯಿತು. ಇನ್ನೊಂದು ತರಿಸಲು ಕಾಲೇಜಿನಲ್ಲಿ ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಕೇಳಬೇಡಿ.

ಇದರಲ್ಲೂ ಒಂದು ಕೊರತೆ ಇತ್ತು, ಅದು ನನಗೆ ಗೊತ್ತಿತ್ತು. ಹೀಗೆ ನೆಟ್ಟಗೆ ಉಜ್ಜಿದ ಗಾಜುಗಳನ್ನು ಬೆಳಕಿಗೆ ಹಿಡಿದರೆ ಎರಡು ಜೋಡಿಯೂ ಒಂದೇ ಥರ ಕಾಣುತ್ತವೆ. ತಿರುಗಿಸಿದರೆ ಬೆಳಗುತ್ತವೆ, ಆರುತ್ತವೆ. ಬಾಗುವುದು ಸಲೀಸಾಗಿದೆಯೋ ಇಲ್ಲವೋ ಎಂದು ತಿಳಿಯಲು ವಿದ್ಯುತ್ತು ಕೊಟ್ಟು ಅಳೆಯಬೇಕು. ಅಳೆದರೆ ಬರುವುದು ಅಂಕಿ. ಅಂಕಿ ನೋಡಬೇಕು ಅಂತ ಅವರು ಕೇಳಿರಲಿಲ್ಲ. ಆದರೂ ಬೆಳಗಿ ಆರುವುದನ್ನಾದರೂ ತೋರಿಸೋಣ, ಅಷ್ಟರಲ್ಲಿ ತೃಪ್ತಿಪಡಲಿ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ನನ್ನ ಮೇಲೆ ನನಗೇ ಬೇಸರವಿತ್ತು.

ಅಷ್ಟರಲ್ಲಿ ದಸರಾ ರಜೆ ಬಂತು, ಕಾಲೇಜಿಗೆ ಬೀಗ ಬಿತ್ತು. ಗಾಜುಗಳನ್ನು ಒಂದು ಅಗಲದ ಸ್ಟೀಲ್ ಡಬ್ಬಿಯಲ್ಲಿ ಒಳಮೈ ಮೇಲಾಗಿ ಹರಡಿ, ಮುಚ್ಚಿ, ಮನೆಗೆ ತಂದು ನನ್ನ ಮೇಜಿನ ಮೇಲೆ ಇಟ್ಟೆ. ವಿಜಯದಶಮಿಯ ದಿನ ಬರುತ್ತೇನೆ, ನಿಮ್ಮ ಮನೆಯಲ್ಲೇ ತುಂಬಿಸಿ ತೋರಿಸುತ್ತೇನೆ ಅಂತ ಮೇಡಂಗೆ ಫೋನಿನಲ್ಲಿ ಮಾತು ಕೊಟ್ಟಿದ್ದೆ.

ಹಿಂದಿನ ದಿನ ಆಯುಧಪೂಜೆ. ನಮ್ಮನೆಯಲ್ಲಿ ಅತ್ತೆಯದೇ ದರ್ಬಾರು. ಯಾರ ಅನ್ನಕ್ಕೆ ಯಾವುದು ಆಧಾರವೋ ಅದನ್ನು ಒರೆಸಿ, ಗಂಧ ಕುಂಕುಮ ಇಟ್ಟು, ಹೂವು ಏರಿಸಬೇಕು. ಗಂಡನ ಸ್ಕೂಟರು, ಅವರ ಸ್ಪ್ಯಾನರುಗಳು, ಈಳಿಗೆಮಣೆ, ಮಿಕ್ಸಿ, ನನ್ನ ಲ್ಯಾಪ್‌ಟಾಪು, ಎಲ್ಲಕ್ಕೂ ಸರದಿ. ನಾನು ಬೂದುಕುಂಬಳಕಾಯಿ ತರಲು ಮಾರ್ಕೆಟ್ಟಿಗೆ ಹೋಗಿದ್ದೆ. ಬಂದು ನೋಡುತ್ತೇನೆ, ನನ್ನ ನಾಲ್ಕು ಗಾಜುಗಳು ದೇವರ ಮುಂದೆ ಬಾಳೆಎಲೆಯ ಮೇಲೆ ಸಾಲಾಗಿ ಮಲಗಿವೆ. ಫಳಫಳ ಹೊಳೆಯುತ್ತಿವೆ. ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಕುಂಕುಮದ ಬೊಟ್ಟು.

"ಅತ್ತೆ, ಇದನ್ನ ಯಾರು ಮುಟ್ಟಿದ್ದು?"

"ನಾನೇ ಕಣೆ. ನಿನ್ನ ಕೆಲಸದ್ದಲ್ವಾ? ಚೆನ್ನಾಗಿ ಒರೆಸಿಟ್ಟಿದೀನಿ. ರೇಷ್ಮೆ ಬಟ್ಟೇಲಿ ಒರೆಸ್ದೆ, ಒಂದು ಗೆರೆ ಇಲ್ಲ ನೋಡು."

ಒಂದು ಗೆರೆ ಇಲ್ಲ. ಆ ಗೆರೆಗಳೇ ನನಗೆ ಬೇಕಾಗಿದ್ದದ್ದು. ನಾನು ಏನು ಹೇಳಿದೆ ಅಂತ ಬರೆಯುವುದು ಬೇಡ. ನಮ್ಮ ಬೀದಿಯ ಕೊನೆಯ ಮನೆಯವರಿಗೂ ಕೇಳಿಸಿರಬೇಕು. ಅತ್ತೆಯ ತಂದೆ ಅರಮನೆಯಲ್ಲಿ ದೀಪ, ಕನ್ನಡಿಗಳ ಉಸ್ತುವಾರಿಯಲ್ಲಿ ಇದ್ದವರು. ಗಾಜು ಒರೆಸುವುದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿಯೇ ಇತ್ತು: ನಟ್ಟನಡುವೆ ಶುರುಮಾಡಿ ದುಂಡಗೆ, ದುಂಡಗೆ, ಸುತ್ತು ದೊಡ್ಡದು ಮಾಡುತ್ತಾ ಅಂಚಿನವರೆಗೆ ಹೋಗಬೇಕು, ಕೈ ಎಲ್ಲೂ ನಿಲ್ಲಬಾರದು, ಅಡ್ಡ ಉದ್ದ ಎಳೆಯಬಾರದು. ನಮ್ಮನೆಯ ಕನ್ನಡಿಗಳನ್ನು, ಫೋಟೋಗಳ ಗಾಜನ್ನು ಅತ್ತೆ ಹಾಗೆ ಒರೆಸುವುದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಅದೇ ಕೈಯಿಂದ, ಅದೇ ಭಕ್ತಿಯಿಂದ ಇವನ್ನೂ ಒರೆಸಿದ್ದರು. ನನಗೆ ಅಳು ಬಂತು. ಅತ್ತೆಯ ಮೇಲಿನ ಸಿಟ್ಟಿಗಲ್ಲ. ಮೇಡಂ ಆ ಹೊತ್ತಿಗೆ ನಾಳೆಯನ್ನು ಕಾಯುತ್ತಾ ಕೂತಿರುತ್ತಾರೆ ಅನ್ನುವುದಕ್ಕೆ.

ಮಾರನೆಯ ದಿನ ಮಧ್ಯಾಹ್ನ ಊರೆಲ್ಲ ಮೆರವಣಿಗೆಯ ಕಡೆ ಹರಿದಿತ್ತು. ರಾಮಕೃಷ್ಣನಗರದ ರಸ್ತೆಗಳು ಖಾಲಿ ಖಾಲಿ. ದೂರದಲ್ಲಿ ಎಲ್ಲಿಂದಲೋ ಬ್ಯಾಂಡಿನ ಸದ್ದು ಗಾಳಿಯ ಮೇಲೆ ತೇಲಿ ಬಂದು, ಅರ್ಧಕ್ಕೆ ಕರಗಿಹೋಗುತ್ತಿತ್ತು. ಅತ್ತೆಯೂ ಜೊತೆಗೆ ಬಂದಿದ್ದರು. ಬೇಡ ಅಂದರೂ ಕೇಳಲಿಲ್ಲ. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದರಲ್ಲಿ ಒಬ್ಬಟ್ಟಿನ ಡಬ್ಬಿ. "ನಾನೇ ಹೇಳ್ತೀನಿ ಅವ್ರಿಗೆ, ತಪ್ಪು ನಂದೇ ಅಂತ" ಎಂದರು ದಾರಿಯಲ್ಲಿ. ಆಟೋ ಇಳಿಯುವಾಗ ನಾನು ಅವರ ಕೈ ಹಿಡಿದುಕೊಂಡೆ.

ಮೇಡಂ ಹೊಸ ಸೀರೆ ಉಟ್ಟು ಕೂತಿದ್ದರು. ಅತ್ತೆ ಬನ್ನಿ ಕೊಟ್ಟು, ಕೂತು, ನಡೆದದ್ದನ್ನೆಲ್ಲ ಹೇಳಿದರು. ಮೇಡಂ ಮೊದಲು ನಕ್ಕರು. ನಗು ಅರ್ಧದಲ್ಲೇ ನಿಂತಿತು.

"ಹೇಗೆ ಒರೆಸಿದ್ರಿ?"

"ದುಂಡಗೇ ಕಣ್ರೀ. ನಮ್ಮಪ್ಪ ಹಾಗೇ ಹೇಳ್ಕೊಟ್ಟಿದ್ದು."

"ನಾಲ್ಕನ್ನೂ?"

"ನಾಲ್ಕನ್ನೂ. ನಡೂನಿಂದ ಶುರುಮಾಡಿ, ಒಂದೇ ಸಮ."

"ಎಲ್ಲಿ, ಕೈಲಿ ತೋರ್ಸಿ."

ಅತ್ತೆ ಸೆರಗಿನ ತುದಿ ಹಿಡಿದು ಟೀಪಾಯಿಯ ಗಾಜಿನ ಮೇಲೆ ಸುತ್ತು ಹಾಕಿದರು, ಚಿಕ್ಕದು, ಇನ್ನೊಂಚೂರು ದೊಡ್ಡದು, ಮತ್ತೂ ದೊಡ್ಡದು. ಮೇಡಂ ಕಿಟಕಿಯ ಕಡೆ ತಿರುಗಿ, ಕಣ್ಣಂಚಿನಿಂದ ಆ ಕೈಯನ್ನೇ ನೋಡುತ್ತಿದ್ದರು.

"ಅಲ್ಲ ಕಣೆ" ಎಂದರು ನನಗೆ, ಮೆಲ್ಲಗೆ, "ಕಡ್ಡಿಗಳನ್ನ ದುಂಡಗೆ ಸುತ್ತ ನಿಲ್ಲಿಸೋದು ಅಂದ್ರೆ ಏನು?"

ನನಗೆ ಆಗ ತಿಳಿಯಿತು. ರೇಷ್ಮೆ ನನ್ನ ನೆಟ್ಟಗಿನ ಗೆರೆಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ದುಂಡನೆಯ ಗೆರೆಗಳನ್ನು ಎಳೆದಿತ್ತು. ಅಣುಗಳು ಗೆರೆಯನ್ನು ಹಿಡಿದು ಮಲಗುತ್ತವೆ. ಗೆರೆ ನೆಟ್ಟಗಿದ್ದರೆ ಅವುಗಳಿಗೆ ಕಷ್ಟವೇ ಇಲ್ಲ. ಗೆರೆ ದುಂಡಗಿದ್ದರೆ, ಸಾಲು ಹೆಜ್ಜೆಹೆಜ್ಜೆಗೂ ಬಾಗಬೇಕು. ನಡುವಿಗೆ ಹತ್ತಿರವಾದಷ್ಟೂ ಇನ್ನೂ ಬಿಗಿಯಾಗಿ ಬಾಗಬೇಕು. ನೆಟ್ಟಗಿನ ಕಡ್ಡಿಗಳಿಗೆ ಯಾವುದು ಎಲ್ಲಕ್ಕಿಂತ ಕಷ್ಟವೋ ಅದನ್ನೇ, ಮತ್ತೇನನ್ನೂ ಅಲ್ಲ, ಅತ್ತೆಯ ರೇಷ್ಮೆ ಬಟ್ಟೆ ಕೇಳುತ್ತಿತ್ತು. ನಾನು ನೆಟ್ಟಗೆ ಉಜ್ಜಿಟ್ಟಿದ್ದರೆ ಕಾಣದೆ ಹೋಗುತ್ತಿದ್ದದ್ದು ಇದರಲ್ಲಿ ಕಣ್ಣಿಗೇ ಕಾಣಬೇಕು. ಅದೂ ಅಂಗೈಯಗಲ.

"ತುಂಬ್ಸು" ಎಂದರು ಮೇಡಂ. "ಯಾವ್ದು ಯಾವುದು ಅಂತ ನನಗೆ ಹೇಳ್ಬೇಡ."

ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ಮುಚ್ಚಳದ ಮೇಲೆ ಗಾಜುಗಳನ್ನು ಜೋಡಿ ಜೋಡಿಯಾಗಿ ಇಟ್ಟೆ. ಒಂದರ ಮೇಲೊಂದು, ನಡುವಿಗೆ ನಡು ಸೇರುವ ಹಾಗೆ, ಮಧ್ಯೆ ಆ ಕೂದಲಿಗಿಂತ ತೆಳ್ಳಗಿನ ಸಂದು. ಅತ್ತೆ ಅಡುಗೆಮನೆಯಲ್ಲಿ ಮೇಡಂ ಅವರ ತಂಗಿಯ ಮನೆಯವರಿಗೆ ಒಬ್ಬಟ್ಟು ಹಂಚುತ್ತಿದ್ದರು. ಬಿಸಿಯಲ್ಲಿ ದ್ರವಸ್ಫಟಿಕ ನೀರಿನಷ್ಟು ತಿಳಿಯಾಗುತ್ತದೆ. ಆಗ ಅದರಲ್ಲಿ ಯಾವ ದಿಕ್ಕೂ ಇಲ್ಲ, ಅಣುಗಳೆಲ್ಲ ಮನಸ್ಸಿಗೆ ಬಂದ ಕಡೆ. ಅಂಚಿನಲ್ಲಿ ಒಂದು ಹನಿ ಇಟ್ಟರೆ ಸಾಕು, ಸಂದು ತಾನೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಹನಿ ಗಾಜಿನೊಳಗೆ ನಿದ್ದೆಯ ಹಾಗೆ ಹರಡಿತು. ಆಮೇಲೆ ಮಾಡುವುದೇನೂ ಇಲ್ಲ. ನೀರು ಆರಬೇಕು, ಗಾಜು ಆರಬೇಕು, ಕಾಯಬೇಕು. ನಾವು ಕಾದೆವು. ಬ್ಯಾಂಡಿನ ಸದ್ದು ಮತ್ತೆ ಬಂತು, ಮತ್ತೆ ಹೋಯಿತು. ಬಿಸಿಲು ನೆಲದ ಮೇಲೆ ಸರಿಯುತ್ತಾ ಮೇಡಂ ಅವರ ಪಾದದ ಹತ್ತಿರ ಬಂತು. ಈ ಹೊತ್ತಿನಲ್ಲಿ ಊರಿನ ಇನ್ನೊಂದು ತುದಿಯಲ್ಲಿ ಲಕ್ಷಗಟ್ಟಲೆ ಜನ ಕತ್ತು ಚಾಚಿ ಒಂದೇ ದಿಕ್ಕಿಗೆ ನೋಡುತ್ತಿದ್ದಾರೆ ಅನ್ನಿಸಿತು. ನನಗೆ ಅಲ್ಲಿಗೆ ಹೋಗಬೇಕು ಅನ್ನಿಸಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಬಿಳಿ ಪುಟ ತೆರೆದು, ಅದನ್ನು ಮೇಜಿನ ಮೇಲೆ ದೀಪದ ಹಾಗೆ ನಿಲ್ಲಿಸಿದೆ. ಅತ್ತೆ ಇಟ್ಟ ಗಂಧ ಇನ್ನೂ ಅದರ ಮೂಲೆಯಲ್ಲಿ ಒಣಗಿ ಕೂತಿತ್ತು. ಪರದೆಯಿಂದ ಬರುವ ಬೆಳಕು ಆಗಲೇ ಒಂದು ದಿಕ್ಕಿಗೆ ಸೋಸಿದ ಬೆಳಕು. ಕೆಟ್ಟುಹೋದ ಮಾನಿಟರಿನಿಂದ ಕಿತ್ತು ತಂದ ಅಂಥದ್ದೇ ಸೋಸುವ ಹಾಳೆ ನನ್ನ ಹತ್ತಿರ ಇತ್ತು. ಅದನ್ನು ಅಡ್ಡ ಹಿಡಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ನಡುವೆ ಗಾಜು ಹಿಡಿದರೆ, ಅಣುಗಳು ಮಲಗಿರುವ ದಿಕ್ಕು ಬೆಳಕಾಗಿ, ಕತ್ತಲಾಗಿ ಎದ್ದು ಬರುತ್ತದೆ.

ಮೊದಲ ಗಾಜು ಹಿಡಿದೆ. ಬೆಳಕಿನ ನಡುವೆ ಒಂದು ಕಪ್ಪು ಶಿಲುಬೆ, ಕೂಡಿಸುವ ಗುರುತಿನ ಹಾಗೆ. ಆದರೆ ಅದರ ತೋಳುಗಳು ಅಂಚಿನಲ್ಲಿ ಮಾತ್ರ ಸರಿಯಾಗಿದ್ದವು. ಒಳಗೆ ಹೋದಂತೆ ಹರಿದು ಚಿಂದಿಯಾಗಿ, ನಡುವೆ ಬರೀ ತೇಪೆ, ಅಂಕುಡೊಂಕು ಎಳೆಗಳು. ಕಡ್ಡಿಗಳು ಸುತ್ತುವಷ್ಟು ಸುತ್ತಿ, ಇನ್ನು ನಮ್ಮ ಕೈಲಿ ಆಗುವುದಿಲ್ಲ ಎಂದು ಮುರಿದುಕೊಂಡಿದ್ದವು.

ಮೇಡಂ ನನ್ನ ಕಿವಿಯ ಕಡೆ ನೋಡಿದರು. ಆಮೇಲೆ ಗೋಡೆಯ ಕಡೆ, ಆಮೇಲೆ ಸ್ವಲ್ಪ ಮೇಲೆ. ಎಲ್ಲಿ ಚೆನ್ನಾಗಿ ಕಂಡೀತು ಅಂತ ಅವರ ಕಣ್ಣು ಜಾಗ ಹುಡುಕುತ್ತಿತ್ತು. "ಇದು ಹರಿದುಹೋಗಿದೆ" ಎಂದರು ಕೊನೆಗೆ. "ನಂದು ಇದೇ ಆದ್ರೆ ಹೇಳ್ಬುಡು."

"ಇನ್ನೊಂದು ನೋಡಿ ಮೇಡಂ."

ಎರಡನೆಯ ಗಾಜು ಹಿಡಿದೆ. ನಾನೂ ಅದನ್ನು ಅದೇ ಮೊದಲ ಸಲ ನೋಡುತ್ತಿದ್ದದ್ದು. ನಾಲ್ಕು ಕಪ್ಪು ತೋಳುಗಳು, ಅಂಚಿನಿಂದ ನಡುವಿನವರೆಗೆ ಎಲ್ಲೂ ತಡವರಿಸದೆ, ನಯವಾಗಿ ಬಂದು ಸೇರಿದ್ದವು. ಅವುಗಳ ನಡುವೆ ಬೆಳಕು ನಾಲ್ಕು ದಳವಾಗಿ ಅರಳಿತ್ತು, ಅಂಚಿಗೆ ಸ್ವಲ್ಪ ಹಳದಿ, ಒಳಗೆ ಬೆಳ್ಳಗೆ. ಗಾಜನ್ನು ಮೆಲ್ಲಗೆ ತಿರುಗಿಸಿದೆ. ಕುಂಕುಮದ ಬೊಟ್ಟು ಸುತ್ತು ಬಂತು, ಶಿಲುಬೆ ಮಾತ್ರ ಅಲುಗಲಿಲ್ಲ. ಸುತ್ತು ಎಲ್ಲೆಲ್ಲೂ ಸರಿಸಮ ಇದ್ದರೆ ಹಾಗೇ ಆಗುವುದು. ಎಷ್ಟು ತಿರುಗಿಸಿದರೂ ಅದು ನಿಂತಲ್ಲೇ ನಿಂತಿರುತ್ತದೆ.

ಮೇಡಂ ಸಂಪಿಗೆ ಮರದ ಕಡೆ ನೋಡುತ್ತಿದ್ದರು. ಅವರ ಕೈ ಮೇಲೆದ್ದು, ಗಾಳಿಯಲ್ಲಿ, ಗಾಜನ್ನು ಮುಟ್ಟದೆ, ಒಂದು ತೋಳನ್ನು ಅಂಚಿನಿಂದ ನಡುವಿನವರೆಗೆ ಬೆರಳಿನಿಂದ ಹಿಂಬಾಲಿಸಿತು. ಬೆರಳು ಸರಿಯಾದ ಜಾಗದಲ್ಲೇ ನಿಂತಿತು.

"ಇದು ನಂದು" ಎಂದರು.

"ಹೌದು ಮೇಡಂ."

"ನಡೂವರೆಗೂ ಹೋಗಿದಾವೆ. ಎಲ್ಲಾ. ಅಲ್ವಾ?"

"ನಡೂವರೆಗೂ ಹೋಗಿದಾವೆ."

"ಆ ಕೆಂಪು ಚುಕ್ಕೆ ಏನು?"

"ನಮ್ಮತ್ತೆ ಇಟ್ಟ ಕುಂಕುಮ."

ಬಾಗಿಲಲ್ಲಿ ಅತ್ತೆ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದರು. ಏನು ನಡೆಯುತ್ತಿದೆ ಅಂತ ಅವರಿಗೆ ಪೂರ್ತಿ ತಿಳಿದಿರಲಿಲ್ಲ. "ಕಾಣಿಸ್ತೇನಮ್ಮ?" ಎಂದು ಕೇಳಿದರು. "ಕಾಣಿಸ್ತು ಕಣ್ರೀ" ಎಂದರು ಮೇಡಂ. "ಚೆನ್ನಾಗಿ ಒರೆಸಿದೀರ." ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಎರಡು ಕೈಯಲ್ಲೂ ಗಾಜು, ಹಾಳೆ ಹಿಡಿದಿದ್ದೆ.

ಮೇಡಂ ಆ ಗಾಜನ್ನು ತುಂಬಾ ಹೊತ್ತು ನೋಡಿದರು. ಬಿಸಿಲು ಅವರ ಪಾದ ದಾಟಿ ಗೋಡೆ ಹತ್ತಿತು. ಮರದ ಕಡೆ, ನನ್ನ ಹೆಗಲ ಕಡೆ, ಗಡಿಯಾರದ ಕಡೆ ಕಣ್ಣು ಸರಿಸುತ್ತಾ, ತಮಗೆ ಉಳಿದಿದ್ದ ಅಂಚಿನ ಕಣ್ಣಿನಲ್ಲಿ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಅದನ್ನು ಒಂದೊಂದು ಸಲ ಇಟ್ಟುಕೊಂಡು ನೋಡಿದರು. ಕೊನೆಗೆ ಅವರೇ ನನ್ನ ಕೈ ಹಿಡಿದು ಕೆಳಗೆ ಇಳಿಸಿದರು. "ಸಾಕು, ಕೈ ನೋಯ್ತದೆ ನಿಂಗೆ" ಎಂದರು.

ಆಮೇಲೆ ನನ್ನ ಕಡೆ ತಿರುಗಿ, ಕಿವಿಯ ಕಡೆ ಅಲ್ಲ, ಕಿಟಕಿಯ ಕಡೆ ಅಲ್ಲ, ನೆಟ್ಟಗೆ ನನ್ನ ಕಣ್ಣಿಗೆ ಕಣ್ಣಿಟ್ಟರು. ನಾನು ಓದುತ್ತಿದ್ದ ದಿನಗಳಲ್ಲಿ, ಏನಾದರೂ ಸರಿಯಾಗಿ ಮಾಡಿದಾಗ, ಹೀಗೇ ನೋಡುತ್ತಿದ್ದರು. ಈಗ ಹಾಗೆ ನೋಡಿದರೆ ಅವರಿಗೆ ನಾನು ಇರುವುದಿಲ್ಲ, ಬೂದು ಮೋಡವೊಂದೇ ಇರುತ್ತದೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವರು ಕಣ್ಣು ಸರಿಸಲಿಲ್ಲ. ನಾನೂ ಸರಿಸಲಿಲ್ಲ.